ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್

ರೋಗಿಯ ಬಳಿ ನಿಂತು ಶುಶ್ರೂಷೆ ಮಾಡುವುದು ಕರುಣೆಯ ಕೆಲಸ. ಒಬ್ಬ ರೋಗಿ ಬದುಕಿದ್ದೇಕೆ, ಪಕ್ಕದ ಹಾಸಿಗೆಯವನು ಸತ್ತದ್ದೇಕೆ ಎಂದು ವಿಚಾರಿಸುವುದು ವಿಜ್ಞಾನದ ಕೆಲಸ. ಇವೆರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಿದ ಮಹಿಳೆ ಫ್ಲಾರೆನ್ಸ್ ನೈಟಿಂಗೇಲ್.

ಆಕೆ 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಆಂಗ್ಲ ದಂಪತಿಗಳ ಮಗಳಾಗಿ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಆಕೆಯ ಹೆಸರಾಯಿತು. ತಂದೆಯೇ ಗುರುವಾಗಿ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಕಲಿಸಿದನು. ಗಣಿತವೆಂದರೆ ಆಕೆಗೆ ಬಲು ಪ್ರೀತಿ. ಮಗಳು ದಾದಿಯಾಗಬೇಕೆಂದು ಬಯಸಿದಾಗ ಮನೆಯವರು ತೀವ್ರವಾಗಿ ವಿರೋಧಿಸಿದರು. ಆ ವೃತ್ತಿಗೆ ಅಂದಿನ ಇಂಗ್ಲೆಂಡಿನಲ್ಲಿ ಮಾನ್ಯತೆಯೇ ಇರಲಿಲ್ಲ. ಆದರೂ ಆಕೆ ಹಿಂಜರಿಯದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ಶುಶ್ರೂಷೆಯ ಶಿಕ್ಷಣ ಪಡೆದಳು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು.

ಅಷ್ಟರಲ್ಲಿ ಕ್ರೈಮಿಯಾ ಯುದ್ಧ ಆರಂಭವಾಯಿತು. ಗಾಯಗೊಂಡ ಬ್ರಿಟಿಷ್ ಸೈನಿಕರ ದುಃಸ್ಥಿತಿಯ ವರದಿಗಳು ಪತ್ರಿಕೆಗಳಲ್ಲಿ ಪ್ರಕಟವಾಗಿ ಜನರನ್ನು ಕಲಕಿದವು. ಸಚಿವ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ ಆಕೆ 38 ಮಂದಿ ದಾದಿಯರೊಡನೆ ಹೊರಟು, 1854ರ ನವೆಂಬರ್ ಮೊದಲ ವಾರದಲ್ಲಿ ತುರ್ಕಿಯ ಸ್ಕೂಟಾರಿ ತಲಪಿದಳು. ಸೈನಿಕರ ಬಿಡಾರವಾಗಿದ್ದ ಬೃಹತ್ ಕಟ್ಟಡವೊಂದು ಅಲ್ಲಿ ಆಸ್ಪತ್ರೆಯಾಗಿತ್ತು. ಎಲ್ಲೆಲ್ಲೂ ಕೊಳೆ, ಕಿಕ್ಕಿರಿದ ರೋಗಿಗಳು, ಔಷಧ ಬಟ್ಟೆಗಳ ಅಭಾವ. ಆಕೆ ಅಡುಗೆಮನೆಯನ್ನೂ ಬಟ್ಟೆ ಒಗೆಯುವ ವ್ಯವಸ್ಥೆಯನ್ನೂ ಸರಿಪಡಿಸಿದಳು. ರಾತ್ರಿ ದೀಪ ಹಿಡಿದು ರೋಗಿಗಳನ್ನು ವಿಚಾರಿಸುತ್ತಾ ಸಂಚರಿಸಿದಳು. ಸೈನಿಕರ ಪಾಲಿಗೆ ಆಕೆ ದೀಪಧಾರಿಣಿಯಾದಳು.

ಆದರೆ ಸಾವು ಹಿಮ್ಮೆಟ್ಟಲಿಲ್ಲ. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ಪ್ರತಿ 100 ಮಂದಿಯಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಮಾರ್ಚಿನಲ್ಲಿ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗವು ಕಟ್ಟಡದಡಿಯ ಚರಂಡಿಗಳನ್ನು ಶುದ್ಧಗೊಳಿಸಿ, ಗಾಳಿಯಾಡಲು ಅನುವು ಮಾಡಿತು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಮರಳಿದ ಆಕೆ ಕೀರ್ತಿಗೆ ಮರುಳಾಗಲಿಲ್ಲ. ಅಷ್ಟು ಜನರು ಸತ್ತದ್ದೇಕೆಂಬ ಪ್ರಶ್ನೆ ಆಕೆಯನ್ನು ಕಾಡಿತು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್‌ನ ನೆರವಿನಿಂದ ಸೈನ್ಯದ ಲೆಕ್ಕಗಳನ್ನು ಪರಿಶೀಲಿಸಿದಳು. ಶತ್ರುವಿನ ಗುಂಡಿಗಿಂತ ರೋಗಗಳಿಗೆ ಬಲಿಯಾದವರೇ ಅನೇಕ ಪಟ್ಟು ಹೆಚ್ಚು ಎಂಬ ಸತ್ಯ ಹೊರಬಿತ್ತು. ರಕ್ಷಿಸಬೇಕಾಗಿದ್ದ ಆಸ್ಪತ್ರೆಯೇ ರೋಗದ ತವರಾಗಿತ್ತು! ತಾನು ಹಗಲಿರುಳು ದುಡಿದ ತಾಣದ ವಿಷಯದಲ್ಲಿ ಇದನ್ನು ಒಪ್ಪುವುದು ಸುಲಭವಲ್ಲ. ಆದರೂ ಆಕೆ ಅದನ್ನು ಮುಚ್ಚಿಡಲಿಲ್ಲ. ವೃತ್ತವೊಂದನ್ನು 12 ತಿಂಗಳುಗಳ ಭಾಗಗಳಾಗಿ ಮಾಡಿ, ತಡೆಯಬಹುದಾಗಿದ್ದ ರೋಗಗಳಿಂದಾದ ಸಾವುಗಳನ್ನು ನೀಲಿ ಬಣ್ಣದಲ್ಲಿಯೂ ಗಾಯಗಳಿಂದಾದವನ್ನು ಕೆಂಪಿನಲ್ಲಿಯೂ ತೋರಿಸಿದಳು. ಅಂಕಿಗಳನ್ನು ಓದಲು ಬೇಸರಪಡುವ ಅಧಿಕಾರಿಗೂ ಒಂದೇ ನೋಟಕ್ಕೆ ಅರ್ಥವಾಗುವಂತಹ ಚಿತ್ರವದು. ಸೈನ್ಯದ ಆರೋಗ್ಯವ್ಯವಸ್ಥೆಯ ಸುಧಾರಣೆಗೆ ಇಂತಹ ಪ್ರಮಾಣಗಳು ಬಲ ನೀಡಿದವು.

ಯುದ್ಧಕಾಲದಲ್ಲಿ ತಗುಲಿದ ಕಾಯಿಲೆಯಿಂದ ಆಕೆ ಬಹುಕಾಲ ಹಾಸಿಗೆ ಹಿಡಿದಳು. ಆದರೆ ಲೇಖನಿಗೆ ವಿಶ್ರಾಂತಿಯಿರಲಿಲ್ಲ. 1859ರಲ್ಲಿ ಶುಶ್ರೂಷೆಯನ್ನು ಕುರಿತ ಆಕೆಯ ಗ್ರಂಥ ಪ್ರಕಟವಾಯಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಎಲ್ಲ ಆಸ್ಪತ್ರೆಗಳೂ ದಾಖಲಾದವರ, ಗುಣಹೊಂದಿದವರ, ಸತ್ತವರ ಲೆಕ್ಕವನ್ನು ಒಂದೇ ರೀತಿಯಲ್ಲಿ ಇಡಬೇಕೆಂದು ಆಕೆ ಆಗ್ರಹಪಡಿಸಿದಳು. ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಳ್ಳುವವರೆಗೆ ಇರಲು ಶಸ್ತ್ರಚಿಕಿತ್ಸಾಗೃಹಕ್ಕೆ ಹೊಂದಿಕೊಂಡ ಕೋಣೆಯ ವಿಚಾರವನ್ನು 1863ರಲ್ಲಿಯೇ ಬರೆದಳು. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ, ಇಲ್ಲಿನ ನೈರ್ಮಲ್ಯದ ಸುಧಾರಣೆಗಾಗಿ ದಶಕಗಳ ಕಾಲ ಶ್ರಮಿಸಿದಳು.

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವವನ್ನು ಪಡೆದ ಪ್ರಥಮ ಮಹಿಳೆ ಈಕೆ. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ದಿವಂಗತಳಾದಳು. ಇಂದು ತೀವ್ರ ನಿಗಾ ಘಟಕಗಳಲ್ಲಿ ಯಂತ್ರಗಳು ಅಹರ್ನಿಶಿ ಎಚ್ಚರವಾಗಿರುತ್ತವೆ. ಆದರೆ ರೋಗಿಯನ್ನು ಕಣ್ಣಿಟ್ಟು ಕಾಯುವುದು, ಕಂಡದ್ದನ್ನು ಬರೆದಿಡುವುದು, ಸಾವಿನ ಕಾರಣವನ್ನು ಅಂಜದೆ ಹುಡುಕುವುದು, ಆಕೆ ಎತ್ತಿಹಿಡಿದ ಈ ಮೂರು ನಿಯಮಗಳು ಅಲ್ಲಿ ಇಂದಿಗೂ ಬೆಳಗುತ್ತಿವೆ.