ವಿ. ಕೆ. ಆರ್. ವಿ. ರಾವ್

ವಿಜಯೇಂದ್ರ ಕಸ್ತೂರಿರಂಗ ವರದರಾಜ ರಾವ್ (ಜುಲೈ 8, 1908 – ಜುಲೈ 25, 1991) ಭಾರತದ ಅರ್ಥಶಾಸ್ತ್ರಜ್ಞರು, ಪ್ರಾಧ್ಯಾಪಕರು, ಸಂಸ್ಥಾ ನಿರ್ಮಾಪಕರು ಮತ್ತು ರಾಜಕಾರಣಿ. ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನವನ್ನು ಶಾಸ್ತ್ರೀಯ ಕ್ರಮದಲ್ಲಿ ಅಂದಾಜು ಮಾಡಿದ ಮೊದಲಿಗರಲ್ಲಿ ಇವರು ಪ್ರಮುಖರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ದೆಹಲಿಯ ಆರ್ಥಿಕ ಬೆಳವಣಿಗೆ ಸಂಸ್ಥೆ ಹಾಗೂ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್) ಇವರು ಸ್ಥಾಪಿಸಿದ ಮೂರು ಸಂಶೋಧನಾ ಕೇಂದ್ರಗಳು. ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಚಿವರಾಗಿಯೂ ಕಾರ್ಯನಿರ್ವಹಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ರಾವ್ ಅವರು 1908ರಲ್ಲಿ ಕಾಂಚೀಪುರದಲ್ಲಿ ಜನಿಸಿದರು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಭಾರತದ ಆದಾಯ ತೆರಿಗೆಯ ಕುರಿತ ಇವರ ಗ್ರಂಥ 1931ರಲ್ಲಿ ಪ್ರಕಟವಾಯಿತು. ತೆರಿಗೆಯ ದಾಖಲೆಗಳೊಂದಿಗೆ ಆಗ ಬೆಳೆದ ಪರಿಚಯ ಮುಂದೆ ರಾಷ್ಟ್ರೀಯ ವರಮಾನದ ಅಧ್ಯಯನಕ್ಕೆ ನೆರವಾಯಿತು.

ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಾನ್ವಿಲ್ ಮತ್ತು ಕೀಸ್ ಕಾಲೇಜನ್ನು ಸೇರಿದರು. ಜಾನ್ ಮೇನಾರ್ಡ್ ಕೇನ್ಸ್ ಅವರ ಶಿಷ್ಯರಾದರು. ಬ್ರಿಟನ್ನಿನ ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ತೊಡಗಿದ್ದ ಕಾಲಿನ್ ಕ್ಲಾರ್ಕ್ ಅವರ ಮಾರ್ಗದರ್ಶನ ಇವರಿಗೆ ದೊರೆಯಿತು. 1937ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಹಿನ್ನೆಲೆ: ಅಂಕಿಅಂಶಗಳ ಕೊರತೆ

ಭಾರತದ ತಲಾ ವರಮಾನವನ್ನು ಲೆಕ್ಕ ಹಾಕುವ ಪ್ರಯತ್ನ ದಾದಾಭಾಯಿ ನವರೋಜಿಯವರಿಂದ ಆರಂಭವಾಗುತ್ತದೆ. 1867–68ರಲ್ಲಿ ಅದು ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ಅವರು ಅಂದಾಜಿಸಿದ್ದರು. ಅನಂತರ ವಿಲಿಯಂ ಡಿಗ್ಬಿ, ಫಿಂಡ್ಲೆ ಶಿರಾಸ್, ಷಾ ಮತ್ತು ಖಂಬಾಟಾ ಮೊದಲಾದವರ ಅಂದಾಜುಗಳು ಬಂದವು. ಈ ಲೆಕ್ಕಗಳ ಹಿಂದೆ ರಾಜಕೀಯ ವಿವಾದವೂ ಇತ್ತು. ಬ್ರಿಟಿಷ್ ಆಡಳಿತದಲ್ಲಿ ದೇಶ ಬಡವಾಗುತ್ತಿದೆ ಎಂದು ರಾಷ್ಟ್ರೀಯವಾದಿಗಳು ವಾದಿಸಿದರೆ, ಏಳಿಗೆ ಹೊಂದುತ್ತಿದೆ ಎಂದು ಸರಕಾರ ಹೇಳುತ್ತಿತ್ತು. ಎರಡು ಪಕ್ಷಗಳೂ ಒಪ್ಪಬಹುದಾದ ಅಂಕಿಗಳು ಇರಲಿಲ್ಲ.

ಈ ಕೊರತೆಯನ್ನು ಪರಿಶೀಲಿಸಲು ಸರಕಾರ 1925ರಲ್ಲಿ ಭಾರತೀಯ ಆರ್ಥಿಕ ವಿಚಾರಣಾ ಸಮಿತಿಯನ್ನು ನೇಮಿಸಿತು. ಮೈಸೂರಿನ ಮಾಜಿ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರು. ಇದಕ್ಕೂ ಮೊದಲು, 1911ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಸ್ಥಾಪನೆಯಾಗಲು ಅವರೇ ಪ್ರೇರಕರಾಗಿದ್ದರು. ಕೇಂದ್ರದಲ್ಲಿ ಒಂದು ಅಂಕಿಅಂಶ ಕಚೇರಿ, ಪ್ರಾಂತಗಳಲ್ಲಿ ಅದಕ್ಕೆ ಪೂರಕವಾದ ಕಚೇರಿಗಳು ಮತ್ತು ಮಾಹಿತಿ ಸಂಗ್ರಹಕ್ಕೆ ಪ್ರತ್ಯೇಕ ಕಾನೂನು ಬೇಕೆಂದು ಸಮಿತಿ ಶಿಫಾರಸು ಮಾಡಿತು. ಶಿಫಾರಸುಗಳು ಆಗ ಕಾರ್ಯರೂಪಕ್ಕೆ ಬರಲಿಲ್ಲ. 1934ರಲ್ಲಿ ಇಂಗ್ಲೆಂಡಿನ ತಜ್ಞರಾದ ಬೌಲಿ ಮತ್ತು ರಾಬರ್ಟ್‌ಸನ್ ಭಾರತದ ಆರ್ಥಿಕ ಗಣತಿಗೆ ಯೋಜನೆಯೊಂದನ್ನು ಸಲ್ಲಿಸಿದರು. ರಾವ್ ಅವರು ತಮ್ಮ ಅಧ್ಯಯನವನ್ನು ನಡೆಸಿದ್ದು ಈ ಕಾಲಘಟ್ಟದಲ್ಲಿ.

ರಾಷ್ಟ್ರೀಯ ವರಮಾನದ ಅಂದಾಜು

1925–29ರ ಅವಧಿಯ ವರಮಾನದ ಬಗ್ಗೆ ರಾವ್ ಅವರು ಬರೆದ ಪ್ರಬಂಧ 1939ರಲ್ಲಿಯೂ, 1931–32ರ ವರಮಾನದ ವಿಸ್ತೃತ ಅಧ್ಯಯನ 1940ರಲ್ಲಿಯೂ ಗ್ರಂಥರೂಪದಲ್ಲಿ ಪ್ರಕಟವಾದವು. ಎರಡನೆಯದು ಇವರ ಕೇಂಬ್ರಿಜ್ ಸಂಶೋಧನೆಯ ಫಲ.

ರಾಷ್ಟ್ರೀಯ ವರಮಾನವೆಂದರೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು ಮತ್ತು ಸೇವೆಗಳ ನಿವ್ವಳ ಮೌಲ್ಯ. ಇದನ್ನು ಉತ್ಪಾದನೆಯ ಕಡೆಯಿಂದ ಅಳೆಯಬಹುದು, ಜನರ ಗಳಿಕೆಯ ಕಡೆಯಿಂದಲೂ ಅಳೆಯಬಹುದು. ಎಲ್ಲ ಚಟುವಟಿಕೆಗಳಿಗೂ ಒಂದೇ ವಿಧಾನ ಅನುಸರಿಸಲು ಬೇಕಾದ ಮಾಹಿತಿ ಭಾರತದಲ್ಲಿ ಇರಲಿಲ್ಲ. ಆದ್ದರಿಂದ ರಾವ್ ಅವರು ಎರಡು ವಿಧಾನಗಳನ್ನೂ ಜೋಡಿಸಿದರು. ಕೃಷಿ, ಪಶುಸಂಗೋಪನೆ, ಗಣಿ, ಅರಣ್ಯ, ಮೀನುಗಾರಿಕೆಗಳಿಗೆ ಉತ್ಪನ್ನ ವಿಧಾನವನ್ನೂ, ಕೈಗಾರಿಕೆ, ವ್ಯಾಪಾರ, ಸಾರಿಗೆ, ಸರಕಾರಿ ನೌಕರಿ, ವೃತ್ತಿಗಳು ಮತ್ತು ಮನೆಗೆಲಸಗಳಿಗೆ ವರಮಾನ ವಿಧಾನವನ್ನೂ ಬಳಸಿದರು.

ಕೃಷಿಯಲ್ಲಿ ಬಿತ್ತನೆಯಾದ ವಿಸ್ತೀರ್ಣ, ಎಕರೆಗೆ ಬಂದ ಇಳುವರಿ ಮತ್ತು ಬೆಲೆಗಳಿಂದ ಮೌಲ್ಯವನ್ನು ಲೆಕ್ಕ ಹಾಕಬೇಕಿತ್ತು. ಶಾನುಭೋಗರಂತಹ ಗ್ರಾಮಲೆಕ್ಕಿಗರಿದ್ದ ಪ್ರಾಂತಗಳಲ್ಲಿ ಬಿತ್ತನೆಯ ದಾಖಲೆ ಸಿಗುತ್ತಿತ್ತು. ಬಂಗಾಳದಂತಹ ಕಾಯಂ ಜಮೀನ್ದಾರಿ ಪ್ರದೇಶಗಳಲ್ಲಿ ಅಂತಹ ವ್ಯವಸ್ಥೆ ಇರಲಿಲ್ಲವಾದ್ದರಿಂದ ಅಲ್ಲಿಯ ಅಂಕಿಗಳು ದುರ್ಬಲವಾಗಿದ್ದವು. ರೈತ ತನ್ನ ಮನೆಯ ಊಟಕ್ಕೆ ಇಟ್ಟುಕೊಂಡ ರಾಗಿ, ಜೋಳ, ಭತ್ತ ಮಾರುಕಟ್ಟೆಗೆ ಬರುವುದಿಲ್ಲ. ಆದರೂ ಅದು ಉತ್ಪನ್ನವೇ ಆದ್ದರಿಂದ ಅದಕ್ಕೂ ಬೆಲೆ ಕಟ್ಟಬೇಕಾಗುತ್ತದೆ.

ಕೈಗಾರಿಕೆ ಮತ್ತು ವ್ಯಾಪಾರದಲ್ಲಿ ತೊಡಕು ಇನ್ನೂ ಹೆಚ್ಚು. ದೊಡ್ಡ ಕಾರ್ಖಾನೆಗಳ ಬಗ್ಗೆ ಒಂದಿಷ್ಟು ವಿವರ ದೊರೆಯುತ್ತಿತ್ತು. ಮಗ್ಗದ ನೇಕಾರ, ಕುಂಬಾರ, ಕಮ್ಮಾರ, ಸಂತೆಯ ವ್ಯಾಪಾರಿ, ಗಾಡಿ ಹೊಡೆಯುವವನು ಇವರ ಗಳಿಕೆಯನ್ನು ದಾಖಲಿಸುವ ಕಚೇರಿ ಯಾವುದೂ ಇರಲಿಲ್ಲ. ರಾವ್ ಅವರು 1931ರ ಜನಗಣತಿಯಿಂದ ಪ್ರತಿಯೊಂದು ಕಸುಬಿನವರ ಸಂಖ್ಯೆಯನ್ನು ಪಡೆದು, ಕೂಲಿ ಮತ್ತು ಗಳಿಕೆಯ ಮಾಹಿತಿಯಿಂದ ಅವರ ಸರಾಸರಿ ವರಮಾನವನ್ನು ಅಂದಾಜಿಸಿ, ಎರಡನ್ನೂ ಗುಣಿಸಿದರು. ಹೆಚ್ಚಿನ ಆದಾಯದವರಿಗೆ ಆದಾಯ ತೆರಿಗೆಯ ದಾಖಲೆಗಳನ್ನು ಆಧರಿಸಿದರು. ಒಂದೇ ಮೌಲ್ಯ ಎರಡು ಸಲ ಸೇರದಂತೆ ಎಚ್ಚರ ವಹಿಸಬೇಕಿತ್ತು. ಉದಾಹರಣೆಗೆ 10 ರೂಪಾಯಿಯ ಹತ್ತಿ 15 ರೂಪಾಯಿಯ ನೂಲಾಗಿ, 25 ರೂಪಾಯಿಯ ಬಟ್ಟೆಯಾದರೆ, ದೇಶದ ವರಮಾನಕ್ಕೆ ಸೇರುವುದು 25 ರೂಪಾಯಿ ಮಾತ್ರ. ಮೂರನ್ನೂ ಕೂಡಿಸಿ 50 ಎಂದು ಬರೆದರೆ ಲೆಕ್ಕ ದುಪ್ಪಟ್ಟಾಗುತ್ತದೆ.

ಈ ಕ್ರಮದಲ್ಲಿ 1931–32ರಲ್ಲಿ ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನ 1,689 ಕೋಟಿ ರೂಪಾಯಿ, ತಲಾ ವರಮಾನ 62 ರೂಪಾಯಿ ಎಂದು ರಾವ್ ಅವರು ನಿರ್ಧರಿಸಿದರು. ದಿನಕ್ಕೆ ಇದು ಮೂರಾಣೆಗೂ ಕಡಿಮೆ. ಮೈಸೂರು, ಹೈದರಾಬಾದ್ ಮುಂತಾದ ದೇಶೀಯ ಸಂಸ್ಥಾನಗಳು ಈ ಲೆಕ್ಕದಲ್ಲಿ ಸೇರಿಲ್ಲ. 1931–32 ಮಹಾ ಆರ್ಥಿಕ ಕುಸಿತದ ವರ್ಷವಾದ್ದರಿಂದ ಬೆಲೆಗಳು ಬಹಳ ಇಳಿದಿದ್ದವು. ಆದಕಾರಣ ಬೇರೆ ವರ್ಷಗಳ ಅಂಕಿಗಳೊಡನೆ ಇದನ್ನು ನೇರವಾಗಿ ಹೋಲಿಸಲಾಗದು. ಬೆಳೆ ಅಷ್ಟೇ ಬಂದಿದ್ದರೂ ಬೆಲೆ ಬಿದ್ದಾಗ ರೂಪಾಯಿಯ ಲೆಕ್ಕದಲ್ಲಿ ವರಮಾನ ಕುಗ್ಗಿದಂತೆ ಕಾಣುತ್ತದೆ.

ಹಿಂದಿನ ಅಂದಾಜುಗಳಿಗಿಂತ ರಾವ್ ಅವರ ಲೆಕ್ಕ ಭಿನ್ನವಾಗುವುದು ಅದರ ಪಾರದರ್ಶಕತೆಯಲ್ಲಿ. ಯಾವ ಅಂಕಿ ಎಲ್ಲಿಂದ ಬಂದಿದೆ, ಎಲ್ಲಿ ಊಹೆ ಬಳಕೆಯಾಗಿದೆ, ತಪ್ಪಿನ ಸಾಧ್ಯತೆ ಎಷ್ಟು ಎಂಬುದನ್ನು ತೋರಿಸಿದ್ದರಿಂದ ಅನಂತರದ ಸಂಶೋಧಕರು ಅದನ್ನು ಪರೀಕ್ಷಿಸಲು, ತಿದ್ದಲು ಸಾಧ್ಯವಾಯಿತು.

ರಾಷ್ಟ್ರೀಯ ವರಮಾನ ಸಮಿತಿ

ಅಹಮದಾಬಾದಿನ ಎಲ್. ಡಿ. ಆರ್ಟ್ಸ್ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ರಾವ್ ಅವರು 1942ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅದೇ ದಶಕದಲ್ಲಿ ಭಾರತ ಸರಕಾರದ ಅಂಕಿಅಂಶ ನಿರ್ದೇಶಕರಾಗಿಯೂ, ವಾಷಿಂಗ್ಟನ್ನಿನಲ್ಲಿ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿಯೂ ದುಡಿದರು.

ಸ್ವಾತಂತ್ರ್ಯಾನಂತರ, 1949ರ ಆಗಸ್ಟ್‌ನಲ್ಲಿ ಸರಕಾರ ರಾಷ್ಟ್ರೀಯ ವರಮಾನ ಸಮಿತಿಯನ್ನು ರಚಿಸಿತು. ಪಿ. ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ. ಆರ್. ಗಾಡ್ಗೀಳ್ ಮತ್ತು ವಿ. ಕೆ. ಆರ್. ವಿ. ರಾವ್ ಸದಸ್ಯರು. ಸೈಮನ್ ಕುಜ್ನೆಟ್ಸ್, ರಿಚರ್ಡ್ ಸ್ಟೋನ್ ಮತ್ತು ಡರ್ಕ್‌ಸನ್ ವಿದೇಶಿ ಸಲಹೆಗಾರರಾಗಿದ್ದರು. ಸಮಿತಿಯ ಮೊದಲ ವರದಿ 1951ರಲ್ಲಿ, ಅಂತಿಮ ವರದಿ 1954ರಲ್ಲಿ ಹೊರಬಂದವು. ಉತ್ಪನ್ನ ಮತ್ತು ವರಮಾನ ವಿಧಾನಗಳನ್ನು ಜೋಡಿಸುವ ಕ್ರಮವನ್ನು ಸಮಿತಿಯೂ ಅನುಸರಿಸಿತು. ಒಬ್ಬ ಸಂಶೋಧಕರು ಒಂದು ವರ್ಷಕ್ಕೆ ಮಾಡಿದ ಲೆಕ್ಕ, ಸರಕಾರ ವರ್ಷವರ್ಷವೂ ಮಾಡುವ ಕೆಲಸವಾಗಿ ಬೆಳೆದದ್ದು ಹೀಗೆ.

ಲೆಕ್ಕಕ್ಕೆ ಬೇಕಾದ ಮೂಲ ಮಾಹಿತಿಯ ವ್ಯವಸ್ಥೆಯೂ ಇದೇ ಕಾಲದಲ್ಲಿ ರೂಪುಗೊಂಡಿತು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ, 1951ರಲ್ಲಿ ಕೇಂದ್ರೀಯ ಸಂಖ್ಯಾಶಾಸ್ತ್ರ ಸಂಘಟನೆ ಆರಂಭವಾದವು. ಉದ್ದಿಮೆಗಳಿಂದ ಕಡ್ಡಾಯವಾಗಿ ಮಾಹಿತಿ ಪಡೆಯಲು 1942ರ ಕೈಗಾರಿಕಾ ಅಂಕಿಅಂಶ ಕಾಯಿದೆಯ ಬಳಿಕ 1953ರಲ್ಲಿ ಅಂಕಿಅಂಶ ಸಂಗ್ರಹ ಕಾಯಿದೆ ಬಂದಿತು. 1959ರಿಂದ ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ನಡೆಯತೊಡಗಿತು. ವಿಶ್ವೇಶ್ವರಯ್ಯನವರ ಸಮಿತಿ 1925ರಲ್ಲಿ ಸೂಚಿಸಿದ್ದ ಕೇಂದ್ರ ಕಚೇರಿ ಮತ್ತು ಕಾನೂನು ಎರಡೂ ಕಾಲು ಶತಮಾನ ಕಳೆದ ಮೇಲೆ ಬೇರೆ ರೂಪದಲ್ಲಿ ಕೈಗೂಡಿದವು.

ಆರ್ಥಿಕ ಚಿಂತನೆ

ಕೇನ್ಸ್ ಅವರ ಶಿಷ್ಯರಾಗಿದ್ದರೂ ಅವರ ಸಿದ್ಧಾಂತವನ್ನು ಭಾರತಕ್ಕೆ ಯಥಾವತ್ತಾಗಿ ಅನ್ವಯಿಸುವುದನ್ನು ರಾವ್ ಅವರು ಒಪ್ಪಲಿಲ್ಲ. ಹೂಡಿಕೆ ಹೆಚ್ಚಿದಾಗ ವರಮಾನ ಅದರ ಹಲವು ಪಟ್ಟು ಹೆಚ್ಚುತ್ತದೆ ಎಂಬುದು ಗುಣಕ ಸಿದ್ಧಾಂತದ ಸಾರ. ಕೆಲಸವಿಲ್ಲದ ಕಾರ್ಮಿಕರೂ ನಿಂತುಹೋದ ಯಂತ್ರಗಳೂ ಸಿದ್ಧವಾಗಿರುವ ಕೈಗಾರಿಕಾ ದೇಶಗಳಲ್ಲಿ ಇದು ನಡೆಯುತ್ತದೆ. ಭಾರತದಲ್ಲಿ ನಿರುದ್ಯೋಗ ಬಹುಪಾಲು ಮರೆಯಾಗಿರುತ್ತದೆ; ಇಬ್ಬರಿಗೆ ಸಾಕಾಗುವ ಹೊಲದಲ್ಲಿ ಕುಟುಂಬದ ಐವರು ದುಡಿಯುತ್ತಾರೆ. ಹೊಸ ಗಳಿಕೆಯ ಹೆಚ್ಚಿನ ಭಾಗ ಆಹಾರಕ್ಕೆ ಖರ್ಚಾಗುತ್ತದೆ, ಆದರೆ ಬೆಳೆಯನ್ನು ತಕ್ಷಣ ಹೆಚ್ಚಿಸಲಾಗುವುದಿಲ್ಲ. ಆದ್ದರಿಂದ ಉತ್ಪಾದನೆಗಿಂತ ಬೆಲೆಗಳೇ ಏರುತ್ತವೆ ಎಂದು 1952ರ ಲೇಖನವೊಂದರಲ್ಲಿ ಅವರು ವಾದಿಸಿದರು. ಹಿಂದುಳಿದ ದೇಶಗಳ ಅರ್ಥಶಾಸ್ತ್ರದಲ್ಲಿ ಈ ಲೇಖನ ಬಹುಚರ್ಚಿತವಾಗಿದೆ.

1947ರಿಂದ 1950ರವರೆಗೆ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದ ರಾವ್ ಅವರು, ಬಡ ದೇಶಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ನೀಡುವ ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಸ್ಥಾಪಿಸಬೇಕೆಂದು ಪ್ರಸ್ತಾಪಿಸಿದರು. 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಹುಟ್ಟಲು ಕಾರಣವಾದ ಚರ್ಚೆಗಳಲ್ಲಿ ಈ ಪ್ರಸ್ತಾಪಕ್ಕೆ ಮುಖ್ಯ ಸ್ಥಾನವಿದೆ.

ಸಂಸ್ಥೆಗಳ ಸ್ಥಾಪನೆ

ರಾವ್ ಅವರು 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು ಸ್ಥಾಪಿಸಿ ಅದರ ಮೊದಲ ನಿರ್ದೇಶಕರಾದರು. ಕೆ. ಎನ್. ರಾಜ್, ಅಮರ್ತ್ಯ ಸೇನ್, ಮನಮೋಹನ್ ಸಿಂಗ್ ಮೊದಲಾದವರು ವಿವಿಧ ಕಾಲಗಳಲ್ಲಿ ಅಲ್ಲಿ ಬೋಧಿಸಿದರು. 1957ರಿಂದ 1960ರವರೆಗೆ ರಾವ್ ಅವರು ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಈ ಅವಧಿಯಲ್ಲಿ ಆರ್ಥಿಕ ಬೆಳವಣಿಗೆ ಸಂಸ್ಥೆ ಆರಂಭವಾಯಿತು. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು ಆಹ್ವಾನಿಸಿ 1959ರಲ್ಲಿ ಅಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ತೆರೆಯಲು ಕಾರಣರಾದರು.

1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸ್ಥಾಪನೆಯಾದಾಗ ಶ್ರೀನಿವಾಸ್ ಅವರು ಇಲ್ಲಿಗೂ ಬಂದರು. ಆರ್ಥಿಕ ಬದಲಾವಣೆಯನ್ನು ಅರಿಯಲು ವರಮಾನದ ಅಂಕಿಗಳ ಜೊತೆಗೆ ಜಾತಿ, ಶಿಕ್ಷಣ, ಜನಸಂಖ್ಯೆ, ಗ್ರಾಮಜೀವನಗಳ ಅಧ್ಯಯನವೂ ಬೇಕು ಎಂಬುದು ಈ ಸಂಸ್ಥೆಯ ಆಶಯ. ಬೆಂಗಳೂರಿನ ನಾಗರಭಾವಿಯಲ್ಲಿರುವ ಅದರ ಗ್ರಂಥಾಲಯಕ್ಕೆ ರಾವ್ ಅವರ ಹೆಸರನ್ನಿಡಲಾಗಿದೆ.

ರಾಜಕೀಯ ಜೀವನ

1963ರಿಂದ 1966ರವರೆಗೆ ಯೋಜನಾ ಆಯೋಗದ ಸದಸ್ಯರಾಗಿದ್ದ ರಾವ್ ಅವರು, 1967 ಮತ್ತು 1971ರ ಚುನಾವಣೆಗಳಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು. ಇಂದಿರಾ ಗಾಂಧಿಯವರ ಸಂಪುಟದಲ್ಲಿ 1967ರಿಂದ 1969ರವರೆಗೆ ಸಾರಿಗೆ ಮತ್ತು ನೌಕಾಯಾನ ಸಚಿವರಾಗಿಯೂ, 1969ರಿಂದ 1971ರವರೆಗೆ ಶಿಕ್ಷಣ ಮತ್ತು ಯುವಜನ ಸೇವೆಗಳ ಸಚಿವರಾಗಿಯೂ ಇದ್ದರು. ಮಹಾತ್ಮ ಗಾಂಧಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು (ಎನ್.ಎಸ್.ಎಸ್.) ಆರಂಭಿಸಿದರು. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಅದೇ ವರ್ಷ ಸ್ಥಾಪನೆಯಾಯಿತು. ಅದಕ್ಕೆ ಆಧಾರವಾದ ಶಿಫಾರಸು ರಾವ್ ಅವರ ಅಧ್ಯಕ್ಷತೆಯ ಸಮಿತಿಯದು.

ಪ್ರಮುಖ ಕೃತಿಗಳು

ಇವರ ಗ್ರಂಥಗಳು ಇಂಗ್ಲಿಷಿನಲ್ಲಿವೆ. ಮುಖ್ಯವಾದವುಗಳ ವಿಷಯ ಮತ್ತು ಪ್ರಕಟಣೆಯ ವರ್ಷ ಹೀಗಿವೆ:

- ಭಾರತದಲ್ಲಿ ಆದಾಯದ ಮೇಲಿನ ತೆರಿಗೆ (1931)
- ಭಾರತದ ರಾಷ್ಟ್ರೀಯ ವರಮಾನ, 1925–29 (1939)
- ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನ, 1931–32 (1940)
- ಸ್ವಾಮಿ ವಿವೇಕಾನಂದರ ಜೀವನ ಮತ್ತು ಚಿಂತನೆ (1979)
- ಭಾರತದಲ್ಲಿ ಆಹಾರ, ಪೌಷ್ಟಿಕತೆ ಮತ್ತು ಬಡತನ (1982)
- ಭಾರತದ ರಾಷ್ಟ್ರೀಯ ವರಮಾನ, 1950–80 (1983)

ಗೌರವ ಮತ್ತು ನಿಧನ

ಭಾರತ ಸರಕಾರ 1974ರಲ್ಲಿ ರಾವ್ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ನೀಡಿತು. 1985ರಲ್ಲಿ ಅವರು ರಾಷ್ಟ್ರೀಯ ಪ್ರಾಧ್ಯಾಪಕರಾಗಿ ನೇಮಕಗೊಂಡರು. 1991ರ ಜುಲೈ 25ರಂದು, ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಹೆಸರಿನಲ್ಲಿ ಸಮಾಜ ವಿಜ್ಞಾನಗಳ ತರುಣ ಸಂಶೋಧಕರಿಗೆ ಬಹುಮಾನ ನೀಡಲಾಗುತ್ತದೆ.

ಪ್ರಭಾವ

ರಾವ್ ಅವರ 1931–32ರ ಅಂದಾಜು ವಸಾಹತು ಕಾಲದ ಆರ್ಥಿಕ ಇತಿಹಾಸಕ್ಕೆ ಇಂದಿಗೂ ಒಂದು ಆಧಾರಬಿಂದು. 1900ರಿಂದ 1947ರವರೆಗಿನ ರಾಷ್ಟ್ರೀಯ ವರಮಾನವನ್ನು ಮರುಲೆಕ್ಕ ಹಾಕಿದ ಎಸ್. ಶಿವಸುಬ್ರಮಣಿಯನ್ ಅವರ ಪ್ರಬಂಧ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿಯೇ ಸಿದ್ಧವಾಯಿತು. 1999ರಿಂದ ಭಾರತ ಸರಕಾರ ರಾಷ್ಟ್ರೀಯ ಉತ್ಪನ್ನದ ಅಂದಾಜನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಿದೆ. ನೋಂದಣಿಯಿಲ್ಲದ ಸಣ್ಣ ಉದ್ದಿಮೆ, ಬೀದಿ ವ್ಯಾಪಾರ ಮತ್ತು ಮನೆಯೊಳಗಿನ ಕಸುಬುಗಳ ವರಮಾನವನ್ನು ಈಗಲೂ ಬಹುಮಟ್ಟಿಗೆ ಮಾದರಿ ಸಮೀಕ್ಷೆಗಳ ಮೂಲಕ ಅಂದಾಜಿಸಲಾಗುತ್ತದೆ. ದುಡಿಯುವವರ ಸಂಖ್ಯೆಯನ್ನು ತಲಾ ಗಳಿಕೆ ಅಥವಾ ಉತ್ಪನ್ನದಿಂದ ಗುಣಿಸುವ, ರಾವ್ ಅವರು 1930ರ ದಶಕದಲ್ಲಿ ಬಳಸಿದ ಮಾರ್ಗ ಆ ಲೆಕ್ಕಗಳಲ್ಲಿ ಮುಂದುವರಿದಿದೆ.