ಆಂತೋನ್ ವಿಲ್ಹೆಲ್ಮ್ ಆಮೋ ಪಂಡಿತನ ಚರಿತ್ರೆ

ಸಭೆಯ ದೀಕ್ಷಾಸ್ನಾನದ ದಫ್ತರವನ್ನು ತೆರೆದು ನೋಡಿದವರಿಗೆ, ಒಂದು ಸಾಲಿನ ಬರಹವು ಒಬ್ಬ ಮನುಷ್ಯನ ವಿಷಯದಲ್ಲಿ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳದೆ ಬಿಡುತ್ತದೆ ಎಂಬದು ಗೊತ್ತುಂಟು. ಜರ್ಮನಿ ದೇಶದಲ್ಲಿ ಕಲಿತು ಅಲ್ಲಿಯೇ ಉಪಾಧ್ಯಾಯನಾದ ಒಬ್ಬ ಆಫ್ರಿಕದವನ ಚರಿತ್ರೆಯು ಇಂಥ ಒಂದು ಸಾಲಿನಿಂದ ಆರಂಭವಾಗುತ್ತದೆ.

ಬ್ರೌನ್‌ಷ್ವೈಗ್ ಸಂಸ್ಥಾನದ ದೊರೆಗಳಿಗೆ ಸಾಲ್ಟ್ಸ್‌ಡಾಲುಮ್ ಎಂಬಲ್ಲಿ ಒಂದು ಅರಮನೆ ಇತ್ತು. ಆ ಅರಮನೆಯ ಗುಡಿಯಲ್ಲಿ ಜುಲೈ 29ರಂದು ಒಬ್ಬ ಕರಿಯ ಬಾಲಕನಿಗೆ ದೀಕ್ಷಾಸ್ನಾನವಾಗಿ ಆಂತೋನ್ ವಿಲ್ಹೆಲ್ಮ್ ಎಂಬ ಹೆಸರು ಇಡಲ್ಪಟ್ಟಿತು. ಅದು 1707ನೇ ವರ್ಷವೆಂದು ಕೆಲವರೂ 1708 ಎಂದು ಕೆಲವರೂ ಬರೆದಿದ್ದಾರೆ. ಆ ಎರಡು ಹೆಸರುಗಳು ಆಂತೋನ್ ಉಲ್ರಿಖ್ ದೊರೆಯವು ಮತ್ತು ಆತನ ಮಗನಾದ ಆಗಸ್ಟ್ ವಿಲ್ಹೆಲ್ಮನವು. ಬಾಲಕನ ತಂದೆತಾಯಿಗಳ ಹೆಸರಾಗಲಿ ಊರಿನ ಹೆಸರಾಗಲಿ ಆ ಸಾಲಿನಲ್ಲಿ ಇಲ್ಲ.

ಬಾಲಕನು 1721ರಲ್ಲಿ ಸಭೆಯಲ್ಲಿ ಸ್ಥಿರೀಕರಣ ಹೊಂದಿ, 1727ರಲ್ಲಿ ಹಾಲೆ ಪಟ್ಟಣದ ವಿಶ್ವವಿದ್ಯಾಲಯವನ್ನು ಸೇರಿದನು. ತರಂಗಂಬಾಡಿಗೆ 1706ರಲ್ಲಿ ಬಂದ ಸೀಗೆನ್‌ಬಾಲ್ಗ್ ಅಯ್ಯನವರು ಓದಿದ ಪಟ್ಟಣವೂ ಅದೇ. ಅಲ್ಲಿಯ ದಫ್ತರದಲ್ಲಿ ಆತನು ತನ್ನನ್ನು ಗಿನಿ ದೇಶದ ಆಕ್ಸಿಮ್ ಊರಿನ ಆಮೋ ಎಂದು ಬರೆಯಿಸಿದನು. ಅರಮನೆಯವರು ಬರೆಯದೆ ಬಿಟ್ಟದ್ದನ್ನು ಆತನು ಮರೆತಿರಲಿಲ್ಲ. 1729ರಲ್ಲಿ ಆತನು ಮಾಡಿದ ಮೊದಲನೆಯ ಚರ್ಚೆಯ ವಿಷಯವೇನೆಂದರೆ, ಯೂರೋಪಿನಲ್ಲಿರುವ ಕರಿಯರ ಹಕ್ಕು; ಅಂದರೆ ಕ್ರೈಸ್ತರು ಕ್ರಯಕ್ಕೆ ಕೊಂಡ ಮನುಷ್ಯನು ನ್ಯಾಯಶಾಸ್ತ್ರದ ಪ್ರಕಾರ ಎಷ್ಟರ ಮಟ್ಟಿಗೆ ದಾಸನು ಎಂಬದು. ಆ ಬರಹವು ಈಗ ದೊರೆಯುವದಿಲ್ಲ. ಹಾಲೆಯ ಒಂದು ವಾರಪತ್ರಿಕೆಯ ವರ್ತಮಾನದಿಂದ ಮಾತ್ರ ಅದರ ಸಾರವು ತಿಳಿಯುತ್ತದೆ. 1730ರಲ್ಲಿ ವಿಟ್ಟೆನ್‌ಬೆರ್ಗಿಗೆ ಹೋಗಿ, 1734ರಲ್ಲಿ ಮನುಷ್ಯನ ಆತ್ಮದ ವಿಷಯವಾಗಿ ಒಂದು ಪ್ರಬಂಧವನ್ನು ಲತೀನ್ ಭಾಷೆಯಲ್ಲಿ ಪ್ರಕಟಿಸಿದನು. ನೋವು ಮೊದಲಾದವುಗಳ ಸ್ಪರ್ಶವು ದೇಹಕ್ಕೆ ಉಂಟು, ಆತ್ಮಕ್ಕೆ ಇಲ್ಲ ಎಂಬದು ಅದರ ತಾತ್ಪರ್ಯ. ಬಳಿಕ ಹಾಲೆಯಲ್ಲಿಯೂ 1739ರಿಂದ ಯೇನಾ ಪಟ್ಟಣದಲ್ಲಿಯೂ ಪಾಠ ಹೇಳಿದನು.

ಹಾಗಾದರೆ ಆತನು ಸಮುದ್ರವನ್ನು ದಾಟಿದ್ದು ಹೇಗೆ? ಉಪದೇಶಿಯಾಗಲಿಕ್ಕೆ ಕಲಿಯುವದಕ್ಕೋಸ್ಕರ ಕಳುಹಿಸಲ್ಪಟ್ಟನೆಂದು ಕೆಲವರ ಅಭಿಪ್ರಾಯ. ಗುಲಾಮನಾಗಿ ಒಯ್ಯಲ್ಪಟ್ಟನೆಂದು ಬೇರೆಯವರ ಅಭಿಪ್ರಾಯ. ಈ ಸಂಗತಿಯಲ್ಲಿ ಮುಖ್ಯ ಸಾಕ್ಷಿಯು ಗಲಂದಾ ಎಂಬ ಹಡಗಿನ ವೈದ್ಯನು. ಆಮೋ ತನ್ನ ದೇಶಕ್ಕೆ ತಿರಿಗಿ ಹೋದ ಮೇಲೆ, 1753ರಲ್ಲಿ, ಈ ವೈದ್ಯನು ಆತನನ್ನು ಆಕ್ಸಿಮಿನಲ್ಲಿ ಕಂಡನು. ಆ ವೃತ್ತಾಂತವು 1782ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು. ಅದರ ಪ್ರಕಾರ ಆಮೋವಿಗೆ ಆಗ ಸುಮಾರು ಐವತ್ತು ವರ್ಷ. ಆತನನ್ನು 1707ರಲ್ಲಿ ಆಂಸ್ಟರ್‌ಡಾಮಿಗೆ ತಂದು ದೊರೆಗೆ ಕಾಣಿಕೆಯಾಗಿ ಕೊಟ್ಟಿದ್ದರು. ತಂದೆಯೂ ಸಹೋದರಿಯೂ ಇನ್ನೂ ಜೀವದಿಂದಿದ್ದರು. ಒಬ್ಬ ಸಹೋದರನು ಸುರಿನಾಮಿನಲ್ಲಿ ಗುಲಾಮನಾಗಿದ್ದನು.

ಈ ಮಾತುಗಳನ್ನು ಕೂಡಿಸಿ ನೋಡೋಣ. 1753ರಲ್ಲಿ ಐವತ್ತು ವರ್ಷವಾದರೆ ಹುಟ್ಟಿದ್ದು ಸುಮಾರು 1703ರಲ್ಲಿ. ಅರಮನೆಗೆ ಬಂದಾಗ ನಾಲ್ಕೈದು ವರ್ಷದ ಕೂಸು. ಅಷ್ಟು ಎಳೆಯ ಮಗುವನ್ನು ಯಾವ ತಂದೆಯು ಶಾಸ್ತ್ರ ಕಲಿಯಲಿಕ್ಕೆ ಒಂಟಿಯಾಗಿ ಹಡಗು ಹತ್ತಿಸುವನು? ವಿದ್ಯಾರ್ಥಿಯನ್ನು ಯಾರೂ ಕಾಣಿಕೆಯಾಗಿ ಕೊಡುವದಿಲ್ಲ. ಸಹೋದರನ ದಾಸತ್ವವೂ ಅದೇ ಕಡೆಗೆ ಬೆರಳು ತೋರಿಸುತ್ತದೆ. ಆದರೂ ತಂದೆಯ ಮನೆಯು ಯಾವದೆಂದು ಆತನಿಗೆ ತಿಳಿದಿತ್ತು, ಆಮೋ ಎಂಬ ಹೆಸರೂ ಉಳಿದಿತ್ತು. ಇದರಿಂದ ಮೊದಲನೆಯ ಅಭಿಪ್ರಾಯದವರಿಗೂ ಒಂದು ಆಧಾರವುಂಟು. ಎರಡನ್ನೂ ತೂಗಿದರೆ ದಾಸತ್ವದ ತಟ್ಟೆಯೇ ಭಾರವೆಂದು ನನಗೆ ತೋರುತ್ತದೆ.

ಕ್ರೈಸ್ತರಾದ ದೊರೆಗಳು ಆತನಿಗೆ ವಿದ್ಯೆಯನ್ನು ಕೊಡಿಸಿದ್ದು ನಿಜ. ಕ್ರೈಸ್ತರ ಕುಂಪಣಿಯೇ ಆತನನ್ನು ತಾಯಿಯ ಮಡಿಲಿನಿಂದ ದೂರ ಒಯ್ದದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವದು ಸತ್ಯವಲ್ಲ. ಆಶ್ರಯದಾತನಾದ ಆಗಸ್ಟ್ ವಿಲ್ಹೆಲ್ಮನು 1731ರಲ್ಲಿ ತೀರಿಕೊಂಡನು. ಮುಂದೆ ಹಾಲೆಯಲ್ಲಿ ಆಮೋವನ್ನು ಪದ್ಯಗಳಲ್ಲಿ ಬಹಿರಂಗವಾಗಿ ಹಾಸ್ಯ ಮಾಡಿದರು. 1747ರ ಸುಮಾರಿಗೆ ಆತನು ಆ ದೇಶವನ್ನು ಬಿಟ್ಟು ಗಿನಿಗೆ ಹೊರಟನು. ಕಡೆಗೆ ಶಾಮಾ ಊರಿನ ಡಚ್ಚರ ಕೋಟೆಯಲ್ಲಿ ವಾಸಿಸಿದನು.

ಸಹೋದರರೇ, ನಮ್ಮಲ್ಲಿಯೂ ಅನೇಕರು ದೀಕ್ಷಾಸ್ನಾನದಲ್ಲಿ ಹೊಸ ಹೆಸರನ್ನು ಹೊಂದಿದ್ದೇವೆ. ದಫ್ತರವನ್ನು ಬರೆಯುವವರು ಆ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ತಾಯಿಯ ಹೆಸರನ್ನೂ ಊರನ್ನೂ ತಪ್ಪದೆ ಬರೆಯಲಿ. ಆಮೋ ಇಪ್ಪತ್ತು ವರ್ಷ ಕಾದು ತನ್ನ ಕೈಯಾರೆ ಸೇರಿಸಬೇಕಾದದ್ದನ್ನು ನಮ್ಮ ಮಕ್ಕಳು ಮೊದಲನೆಯ ಸಾಲಿನಲ್ಲಿಯೇ ಓದುವಂತಾಗಲಿ.