ಚದುರಂಗದ ಚದುರೆ ವೇರಾ ಮೆಂಚಿಕ್

ಚದುರಂಗ ನಮ್ಮ ನಾಡಿಗೆ ಹೊಸ ಆಟವಲ್ಲ. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯು ಮಣೆಯ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ಬಗೆಗಳನ್ನು ರಚಿಸಿ ಹೆಸರಾದವರು. ಆದರೆ ಬಹುಕಾಲದವರೆಗೆ ಇದು ಗಂಡಸರ ಆಟವೆಂದೇ ಜಗತ್ತು ತಿಳಿದಿತ್ತು. ದೀರ್ಘಾಲೋಚನೆಯೂ ಯುದ್ಧತಂತ್ರವೂ ಹೆಂಗಸರಿಗೆ ಒಗ್ಗವೆಂಬ ತಪ್ಪು ನಂಬಿಕೆ ಯುರೋಪಿನ ವಿದ್ಯಾವಂತರಲ್ಲಿಯೂ ಬೇರೂರಿತ್ತು. ಈ ನಂಬಿಕೆಯನ್ನು ವಾದದಿಂದಲ್ಲ, ಆಟದಿಂದಲೇ ಅಲುಗಿಸಿದವಳು ವೇರಾ ಮೆಂಚಿಕ್.

ವೇರಾ 1906ರ ಫೆಬ್ರವರಿ 16ರಂದು ರಷ್ಯದ ಮಾಸ್ಕೋ ನಗರದಲ್ಲಿ ಜನಿಸಿದಳು. ತಂದೆ ಚೆಕ್ ಜನಾಂಗದವನು, ತಾಯಿ ಇಂಗ್ಲೆಂಡಿನವಳು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯಿಂದ ಚದುರಂಗ ಕಲಿತಳು. 1917ರ ಕ್ರಾಂತಿಯ ತರುವಾಯ ಕುಟುಂಬದ ಆಸ್ತಿಪಾಸ್ತಿ ಕೈಬಿಟ್ಟುಹೋಯಿತು. 1921ರಲ್ಲಿ ಆಕೆ ತಾಯಿ ಮತ್ತು ತಂಗಿ ಓಲ್ಗಾಳೊಡನೆ ಇಂಗ್ಲೆಂಡಿನ ಕಡಲತೀರದ ಹೇಸ್ಟಿಂಗ್ಸ್ ಪಟ್ಟಣಕ್ಕೆ ಬಂದು ನೆಲಸಿದಳು. ಹೊಸ ನಾಡು, ಅಲ್ಲಿನ ಭಾಷೆಯೂ ಆಕೆಗೆ ಚೆನ್ನಾಗಿ ಬಾರದು. ಆದರೆ ಚದುರಂಗದ ಮಣೆಯ ಮುಂದೆ ಮಾತಿನ ಅಗತ್ಯವಿಲ್ಲ. 1923ರಲ್ಲಿ ವೇರಾ ಆ ಊರಿನ ಚದುರಂಗ ಸಂಘವನ್ನು ಸೇರಿದಳು. ಹಂಗೇರಿಯ ಪ್ರಸಿದ್ಧ ಆಟಗಾರ ಗೇಜಾ ಮರೋಟ್ಸಿಯ ಮಾರ್ಗದರ್ಶನ ಆಕೆಗೆ ದೊರೆಯಿತು. ದುಡುಕದೆ, ಮೊದಲು ತನ್ನ ನೆಲೆಯನ್ನು ಭದ್ರಪಡಿಸಿಕೊಂಡು, ಎದುರಾಳಿಯ ತಪ್ಪಿಗಾಗಿ ತಾಳ್ಮೆಯಿಂದ ಕಾಯುವುದು ಆಕೆಯ ಆಟದ ರೀತಿಯಾಯಿತು.

1927ರಲ್ಲಿ ಲಂಡನ್ನಿನಲ್ಲಿ ಮಹಿಳೆಯರ ಪ್ರಥಮ ವಿಶ್ವ ಚದುರಂಗ ಪಂದ್ಯ ನಡೆಯಿತು. ಹನ್ನೆರಡು ಮಂದಿ ಸ್ಪರ್ಧಿಸಿದ್ದರು. ವೇರಾ ಆಡಿದ 11 ಆಟಗಳಲ್ಲಿ 10ನ್ನು ಗೆದ್ದು, ಒಂದನ್ನು ಸಮ ಮಾಡಿಕೊಂಡು ವಿಶ್ವವಿಜೇತೆಯಾದಳು. ಆಗ ಆಕೆಗೆ ಇಪ್ಪತ್ತೊಂದು ವರ್ಷ.

ಇನ್ನು ಗಂಡಸರ ಸಾಲಿನಲ್ಲಿ ಕುಳಿತು ಆಡುವುದು ಉಳಿದಿತ್ತು. 1929ರಲ್ಲಿ ಚೆಕೊಸ್ಲೊವಾಕಿಯದ ಕಾರ್ಲ್ಸ್‌ಬಾದಿನಲ್ಲಿ ನಡೆದ ದೊಡ್ಡ ಪಂದ್ಯಕ್ಕೆ ಆಕೆಗೆ ಆಹ್ವಾನ ಬಂದಿತು. ಇದನ್ನು ಕಂಡು ಆಲ್ಬರ್ಟ್ ಬೆಕರ್ ಎಂಬ ಆಟಗಾರನು ಹಾಸ್ಯ ಮಾಡಿದನು. ಈಕೆಗೆ ಸೋತವರನ್ನೆಲ್ಲ ವೇರಾ ಮೆಂಚಿಕ್ ಸಂಘವೆಂಬ ಒಂದು ಸಂಘಕ್ಕೆ ಸೇರಿಸಬೇಕೆಂದು ಸೂಚಿಸಿದನು. ಆ ಸಂಘದ ಮೊದಲ ಸದಸ್ಯನಾಗುವ ಪಾಡು ಅವನಿಗೇ ಬಂದಿತು! ಆ ಪಂದ್ಯದ 22 ಆಟಗಾರರಲ್ಲಿ ವೇರಾ ಕೊನೆಯ ಸ್ಥಾನ ಪಡೆದಳೆಂಬುದೂ ನಿಜ. ಆದರೆ ಆಕೆ ಎದೆಗುಂದಲಿಲ್ಲ. ಅದೇ ವರ್ಷ ರಾಮ್ಸ್‌ಗೇಟಿನಲ್ಲಿ ಕಾಪಾಬ್ಲಾಂಕನ ನಂತರದ ಎರಡನೆಯ ಸ್ಥಾನವನ್ನು ರೂಬಿನ್‌ಸ್ಟೈನನೊಡನೆ ಹಂಚಿಕೊಂಡಳು. ಮುಂದೆ ವಿಶ್ವವಿಜೇತನಾದ ಹಾಲೆಂಡಿನ ಮ್ಯಾಕ್ಸ್ ಯೂವೆ ಆಕೆಗೆ ಎರಡು ಬಾರಿ ಸೋತನು. ಭಾರತದ ಸುಪ್ರಸಿದ್ಧ ಆಟಗಾರ ಮೀರ್ ಸುಲ್ತಾನ್ ಖಾನನೂ ಒಮ್ಮೆ ಆಕೆಗೆ ತಲೆಬಾಗಬೇಕಾಯಿತು. ಅಣಕಕ್ಕೆಂದು ಹುಟ್ಟಿದ ಸಂಘವು ಹೀಗೆ ಘನವಂತರ ಸಂಘವಾಯಿತು.

ವೇರಾಳ ಬಾಳಿನ ಅತ್ಯಂತ ಕಠಿಣ ಪರೀಕ್ಷೆ 1939ರಲ್ಲಿ ಒದಗಿತು. ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರದಲ್ಲಿ ಮಹಿಳೆಯರ ವಿಶ್ವಪಂದ್ಯ ಏರ್ಪಟ್ಟಿತ್ತು. ಇಪ್ಪತ್ತು ಸ್ಪರ್ಧಿಗಳು, ಹತ್ತೊಂಬತ್ತು ಸುತ್ತುಗಳು. ಪಂದ್ಯ ನಡೆಯುತ್ತಿದ್ದಾಗಲೇ, ಸೆಪ್ಟೆಂಬರ್ 1ರಂದು, ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಎರಡು ದಿನಗಳಲ್ಲಿ ಬ್ರಿಟನ್ನೂ ಯುದ್ಧ ಘೋಷಿಸಿತು. ಇಂಗ್ಲೆಂಡಿನ ಪುರುಷರ ತಂಡ ಆಟ ಬಿಟ್ಟು ಹೊರಟಿತು. ಎರಡು ವರ್ಷಗಳ ಹಿಂದೆ ಇಂಗ್ಲೆಂಡಿನ ಸ್ಟೀವನ್ಸನ್ನನನ್ನು ವರಿಸಿದ್ದ ವೇರಾ ಈಗ ಆ ದೇಶದ ಪರವಾಗಿಯೇ ಆಡುತ್ತಿದ್ದಳು. ಮನೆಮಂದಿ ಸಮುದ್ರದಾಚೆ, ಮರಳುವ ದಾರಿಯಲ್ಲಿ ಅಪಾಯ. ಆದರೂ ಆಕೆ ಮನಸ್ಸನ್ನು ಮಣೆಯ ಮೇಲೆ ನೆಲೆಗೊಳಿಸಿದಳು.

ಆಕೆಯ ಮುಖ್ಯ ಎದುರಾಳಿ ಸೋನ್ಯಾ ಗ್ರಾಫ್. ಜರ್ಮನಿಯಲ್ಲಿ ಹುಟ್ಟಿಯೂ ನಾತ್ಸಿ ಆಳ್ವಿಕೆಗೆ ಮಣಿಯದ ಗ್ರಾಫ್ ತನ್ನ ದೇಶದ ಹೆಸರಿಲ್ಲದೆ ಆಡಿದಳು. ಇವರಿಬ್ಬರ ಆಟದಲ್ಲಿ ಗೆಲುವು ಗ್ರಾಫಳ ಕೈಗೆ ಬಂದಂತೆಯೇ ಇತ್ತು. ಆದರೆ ಆಕೆ ತಪ್ಪು ನಡೆಗಳನ್ನಿಟ್ಟಳು. ವೇರಾ ಕಾದಿದ್ದು ಗೆದ್ದಳು. ಕೊನೆಯ ಸುತ್ತು ಮುಗಿದಾಗ ವೇರಾ 17 ಆಟಗಳನ್ನು ಗೆದ್ದು, ಎರಡನ್ನು ಸಮ ಮಾಡಿಕೊಂಡು 18 ಅಂಕ ಗಳಿಸಿದ್ದಳು. ಗ್ರಾಫಳಿಗೆ ದೊರೆತುದು 16 ಅಂಕ. ಆ ಒಂದು ಆಟ ತಿರುಗಿದ್ದರೆ ಇಬ್ಬರೂ 17 ಅಂಕಗಳಲ್ಲಿ ಸಮನಾಗುತ್ತಿದ್ದರು. ಏಳು ವಿಶ್ವಪಂದ್ಯಗಳಲ್ಲಿ ವೇರಾ ಆಡಿದ ಆಟಗಳು ಒಟ್ಟು 83. ಗೆದ್ದುದು 78, ಸಮ 4, ಸೋತುದು ಒಂದೇ ಒಂದು. ಏಳು ಬಾರಿಯೂ ವಿಜಯ ಆಕೆಯದೇ.

ಬ್ಯೂನಸ್ ಐರಿಸಿನ ಕೊನೆಯ ಸುತ್ತೇ ಆಕೆಯ ವಿಶ್ವಪಂದ್ಯಗಳ ಕೊನೆಯ ಸುತ್ತೂ ಆಯಿತು. ಯುದ್ಧಕಾಲದಲ್ಲಿ ಆಕೆ ಲಂಡನ್ನಿನಲ್ಲಿಯೇ ಇದ್ದಳು. 1943ರಲ್ಲಿ ಪತಿ ತೀರಿಕೊಂಡನು. 1944ರ ಜೂನ್ 26ರಂದು ಜರ್ಮನಿಯ ಹಾರುವ ಬಾಂಬೊಂದು ಆಕೆಯ ಮನೆಯ ಮೇಲೆ ಬಿದ್ದಿತು. ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದ ವೇರಾ, ತಾಯಿ ಮತ್ತು ತಂಗಿ ಮೂವರೂ ಮಡಿದರು. ಆಕೆಗೆ ಆಗ ಕೇವಲ ಮೂವತ್ತೆಂಟು ವರ್ಷ. ಸಾಯುವಾಗಲೂ ಆಕೆ ವಿಶ್ವವಿಜೇತೆಯಾಗಿಯೇ ಇದ್ದಳು. ಆ ಪದವಿಯನ್ನು ಆಕೆಯಿಂದ ಯಾರೂ ಆಡಿ ಗೆಲ್ಲಲಿಲ್ಲ.

ಮಹಿಳೆಯರ ಚದುರಂಗ ಒಲಿಂಪಿಯಾಡ್ 1957ರಲ್ಲಿ ಆರಂಭವಾಯಿತು. ಅದರಲ್ಲಿ ಗೆದ್ದ ತಂಡಕ್ಕೆ ನೀಡುವ ಬಟ್ಟಲಿಗೆ ವೇರಾ ಮೆಂಚಿಕ್ಕಳ ಹೆಸರನ್ನಿಟ್ಟು ಗೌರವಿಸಲಾಗಿದೆ. 2024ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಭಾರತದ ಮಹಿಳೆಯರು ಆ ಬಟ್ಟಲನ್ನು ಮೊದಲ ಬಾರಿಗೆ ಗೆದ್ದರು. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂತಹ ತಾಲ್ಲೂಕುಗಳ ಶಾಲೆಯ ಹುಡುಗಿಯರೂ ಚದುರಂಗದ ಮಣೆಯ ಮುಂದೆ ಕುಳಿತು ಆಡುತ್ತಾರೆ, ನೋಡಿ ನಗುವವರಿಲ್ಲ. ಆ ನಗೆಯನ್ನು ಅಡಗಿಸಿದವರಲ್ಲಿ ವೇರಾ ಮೊದಲಿಗಳು. ಅಣಕಿಸಿದವರಿಗೆ ಆಕೆ ಮರುಮಾತನ್ನಾಡಲಿಲ್ಲ, ಮುಂದಿನ ನಡೆಯನ್ನಿಟ್ಟಳು.